ಅತ್ತೆಗೆ ಓದಿ ಹೇಳದ ಒಂದು ಪದ

ನನಗೆ ಸಕ್ಕರೆ ಕಾಯಿಲೆ ಬಂದಾಗ ಇಪ್ಪತ್ತಾರು ವರ್ಷ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಹೊನ್ನಾಳಿಯ ನಮ್ಮ ಕೇರಿಯಲ್ಲಿ ಆ ಕಾಯಿಲೆ ಇದ್ದದ್ದು ನಿವೃತ್ತ ಅಮಲ್ದಾರರೊಬ್ಬರಿಗೆ ಮಾತ್ರ. "ಸಾಹುಕಾರರ ರೋಗ ಗಾದಿ ಹೊಲಿಯೋರ ಮನೆಗೆ ಹೆಂಗೆ ಬಂತವ್ವ? ದಾರಿ ತಪ್ಪಿರಬೇಕು," ಎಂದು ನಮ್ಮ ಅತ್ತೆ ಹುಸೇನಮ್ಮ ಮೊದಲ ದಿನ ತಮಾಷೆ ಮಾಡಿದ್ದರು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡದ್ದನ್ನು ನಾನು ನೋಡಿದೆ.

ನಾವು ಪಿಂಜಾರರು. ಹತ್ತಿ ಹಿಂಜಿ ಗಾದಿ, ದಿಂಬು ಮಾಡುವುದು ಕಸುಬು. ಮುಸಲ್ಮಾನರಾದರೂ ನಮ್ಮ ಮನೆಮಾತು ಕನ್ನಡ. ಉರ್ದು ಮಾತಾಡುವವರ ಮನೆಯ ಮದುವೆಗಳಿಗೆ ಹೋದರೆ, "ಇವರಿಗೆ ನಮಾಜಾದರೂ ಬರುತ್ತೋ ಇಲ್ಲವೋ" ಎನ್ನುವ ಒಂದು ಸಣ್ಣ ನಗು ನಮ್ಮ ಬೆನ್ನ ಹಿಂದೆ ಇದ್ದೇ ಇರುತ್ತಿತ್ತು. ಅತ್ತೆಗೆ ಅದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಜಗಳೂರು ಸೀಮೆಯ ಬಿಳಿಚೋಡಿನಿಂದ ಬಂದ ಅವರಿಗೆ ಓದು ಬರಹ ಇರಲಿಲ್ಲ. ಅದಕ್ಕೇ ಇರಬೇಕು, ಬೇಡ ಎಂದು ಧರ್ಮ ಹೇಳಿದ್ದರ ವಿಷಯದಲ್ಲಿ ಅವರು ಬೇರೆ ಯಾರಿಗಿಂತಲೂ ಬಿಗಿ. ಪರವೂರಿನ ಬಿಸ್ಕತ್ತನ್ನೂ ಮೂರು ಜನರನ್ನು ಕೇಳದೆ ಬಾಯಿಗೆ ಹಾಕುತ್ತಿರಲಿಲ್ಲ. ಒಂದು ಪ್ರಾಣಿಯ ಹೆಸರಂತೂ ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಎತ್ತಿದರೆ ನಲವತ್ತು ದಿನ ನಾಲಿಗೆ ಮೈಲಿಗೆ ಎಂದು ಅವರ ನಂಬಿಕೆ.

ನಾನು ದಾವಣಗೆರೆಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಅಪ್ಪ ಅಂಚೆ ಇಲಾಖೆಯಲ್ಲಿದ್ದರು. ಮಗಳಿಗೆ ಇಂಗ್ಲಿಷ್ ಬರಲಿ ಎಂದು ಹಟ ಮಾಡಿ ಸೇರಿಸಿದ್ದರು. ಮದುವೆಯಾಗಿ ಬಂದ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಇದ್ದ ಕೆಲಸ ಎರಡೇ: ತಂತಿ ಬಂದರೆ ಓದುವುದು, ಔಷಧಿ ಬಂದರೆ ಓದುವುದು. ನನ್ನ ತಪ್ಪು ಶುರುವಾದದ್ದು ಈ ಎರಡನೆಯದರಿಂದ.

ಆ ಬೇಸಿಗೆ ನನಗೆ ಎಷ್ಟು ನೀರು ಕುಡಿದರೂ ಬಾಯಾರಿಕೆ. ನೀರಿನ ಹರವಿ ಮಧ್ಯಾಹ್ನದೊಳಗೆ ಬರಿದಾಗುತ್ತಿತ್ತು. "ಹೊಳೆ ಪಕ್ಕದಾಗೆ ಮನೆ ಐತೆ, ಸರಿಹೋತು. ಇಲ್ದಿದ್ರೆ ನಿನಗೆ ನೀರು ಹೊರಾಕೆ ಒಂದು ಕೋಣ ಸಾಕಬೇಕಿತ್ತು," ಎನ್ನುತ್ತಿದ್ದರು ಅತ್ತೆ. ಕುಪ್ಪಸಗಳನ್ನು ಎರಡು ಸಲ ಒಳಹೊಲಿಗೆ ಹಾಕಿ ಬಿಗಿ ಮಾಡಿಕೊಂಡೆ. ಅಕ್ಕಿ ತೊಳೆಯುವಾಗ ಬಳೆ ತಾನಾಗಿ ಜಾರಿ ಪಾತ್ರೆಯೊಳಗೆ ಬಿತ್ತು. ಒಂದು ದಿನ ಹಿಟ್ಟು ನಾದುತ್ತ ನಾದುತ್ತ ಅಲ್ಲೇ ಒರಗಿಬಿಟ್ಟೆನಂತೆ. ಎಚ್ಚರವಾದಾಗ ದಾವಣಗೆರೆಯ ಆಸ್ಪತ್ರೆಯಲ್ಲಿದ್ದೆ. ನನ್ನ ಗಂಡ ಖಾಸಿಂ ಸಾಬರ ಅಂಗಿಯ ತೋಳಿಗೆ ಇನ್ನೂ ಹತ್ತಿಯ ಎಳೆ ಅಂಟಿತ್ತು. ಅಂಗಡಿಯಿಂದ ಹಾಗೇ ಎದ್ದು ಬಂದಿದ್ದರು.

ಆಮೇಲೆ ತಿಂಗಳಿಗೊಮ್ಮೆ ಆ ಆಸ್ಪತ್ರೆಯ ಬೆಂಚು. ಹೆಂಗಸರೆಲ್ಲ ಮೂತ್ರದ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರದೋ ಸೀಸೆ ಹಿಡಿದುಕೊಂಡವರಂತೆ ಮುಖ ಆಚೆ ಮಾಡಿ ಕೂತಿರುತ್ತಿದ್ದರು. ಗಂಡಸರಿಗೆ ಆ ನಾಚಿಕೆ ಇರಲಿಲ್ಲ. ಪಕ್ಕದ ಮುದುಕರೊಬ್ಬರು, "ನಿಂದು ಸಕ್ಕರೆ ಎಷ್ಟಮ್ಮ? ನಂದು ಮೂರು ಪ್ಲಸ್ಸು," ಎಂದು ಪರೀಕ್ಷೆಯಲ್ಲಿ ಪಾಸಾದವರಂತೆ ಹೇಳಿದರು. "ನಾಲ್ಕು," ಎಂದೆ. "ಆಹಾ," ಎಂದರು ಗೌರವದಿಂದ. ಆಸ್ಪತ್ರೆಯಲ್ಲಿ ನಾನು ಮೊದಲ ಸಲ ನಕ್ಕದ್ದು ಆಗ. ಸೂಜಿ ಹಾಕಿಕೊಳ್ಳುವುದನ್ನು ನರ್ಸಮ್ಮ ಒಂದು ಮೂಸಂಬಿಯ ಮೇಲೆ ಕಲಿಸಿದರು. ಹನ್ನೊಂದು ಸಲ ಚುಚ್ಚಿದ ಆ ಹಣ್ಣನ್ನು ಮನೆಗೆ ತಂದೆ, ಎಸೆಯಲು ಮನಸ್ಸು ಬರಲಿಲ್ಲ.

ಮನೆಯಲ್ಲಿ ನನ್ನದೇ ಒಂದು ಸಂಸಾರ ಶುರುವಾಯಿತು. ಗಾಜಿನ ಸಿರಿಂಜು ಕುದಿಸಲು ಒಂದು ಸಣ್ಣ ಪಾತ್ರೆ, ಮೂತ್ರಕ್ಕೆ ನೀಲಿ ದ್ರಾವಣ ಬೆರೆಸಿ ಕಾಯಿಸಿ ಬಣ್ಣ ನೋಡಲು ಸ್ಪಿರಿಟ್ ದೀಪ, ಇನ್ಸುಲಿನ್ ಔಷಧಿಯ ಸೀಸೆಯನ್ನು ತಂಪಾಗಿಡಲು ನೀರು ಸಿಂಪಡಿಸಿದ ಮಣ್ಣಿನ ಮಡಕೆ. ಬಣ್ಣ ನೀಲಿ ಉಳಿದರೆ ಒಳ್ಳೆಯದು, ಇಟ್ಟಿಗೆ ಕೆಂಪಾದರೆ ಕೆಟ್ಟದ್ದು. ಅತ್ತೆ ದಿನಾ ಬಂದು ಬಗ್ಗಿ ನೋಡುತ್ತಿದ್ದರು. "ಇವತ್ತು ಹಸಿರು. ಪರವಾಗಿಲ್ಲ, ಪೀರಲ ಬಣ್ಣ," ಎಂದು ಪೀರುಗಳ ಚಾದರಕ್ಕೆ ಹೋಲಿಸಿ ಸಮಾಧಾನ ಹೇಳುತ್ತಿದ್ದರು. ಹಬ್ಬದ ದಿನ ಶಾವಿಗೆಯ ಸುರಕುಂಬಕ್ಕೆ ಸಕ್ಕರೆ ಹಾಕುವ ಮುಂಚೆ ಒಂದು ಬಟ್ಟಲು ಎತ್ತಿಟ್ಟು, ನನ್ನ ಜೊತೆ ತಾವೂ ಆ ಸಪ್ಪೆಯನ್ನೇ ಕುಡಿದರು. "ನನಗೂ ಸಿಹಿ ಸೇರಾಕಿಲ್ಲ ಈಚೆಗೆ," ಎಂದರು. ಅದು ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು.

ಆ ಪದ ನನ್ನ ಕಣ್ಣಿಗೆ ಬಿದ್ದದ್ದು ಒಂದು ವರ್ಷದ ಮೇಲೆ. ಅಲ್ಲಿಯವರೆಗೆ ಸೀಸೆಯ ಮೇಲೆ ಎಷ್ಟು ಯುನಿಟ್ಟು ಎನ್ನುವುದನ್ನಷ್ಟೇ ನೋಡುತ್ತಿದ್ದೆ. ಅಂದು ಬಿಸಿಲಿಗೆ ಹಿಡಿದಾಗ ಕೆಳಗಿನ ಸಾಲು ಓದಿದೆ. ಅಕ್ಕಿಕಾಳಿಗಿಂತ ಸಣ್ಣ ಅಕ್ಷರ. ಬೀಫ್ ಅಂಡ್ ಪೋರ್ಕ್. ಔಷಧಿಯನ್ನು ಯಾವ ಪ್ರಾಣಿಗಳಿಂದ ತೆಗೆದಿದ್ದಾರೆ ಎಂದು ಬರೆದಿದ್ದರು.

ನಾನು ಸೀಸೆಯನ್ನು ಮಡಕೆಯಲ್ಲಿಟ್ಟು ಕೈ ತೊಳೆದೆ. ಮತ್ತೆ ತೊಳೆದೆ. ಹೊತ್ತಾಗಿತ್ತು, ಅದೇ ಕೈಯಿಂದ ಸೂಜಿ ಹಾಕಿಕೊಂಡೆ. ಸಂಜೆ ಉಗುರಿನಿಂದ ಆ ಸಾಲನ್ನು ಕೆರೆದು ತೆಗೆದೆ. ಮನೆಯಲ್ಲಿ ಅದನ್ನು ಓದಬಲ್ಲವರು ನನ್ನ ಬಿಟ್ಟು ಯಾರೂ ಇರಲಿಲ್ಲ; ಆದರೂ ಕೆರೆದೆ.

ಕೇಳಬಹುದಿತ್ತು. ನಮ್ಮ ಮಸೀದಿಯ ಹಜರತ್ ಒಳ್ಳೆಯವರು. ಶಿಕಾರಿಪುರದ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಮನೆಗೆ ಫಾತಿಹಾ ಓದಲು ಬಂದಾಗ ಹೆಂಗಸರು ಬಾಗಿಲ ಪರದೆಯ ಹಿಂದೆ ನಿಂತು ಏನು ಬೇಕಾದರೂ ಕೇಳಬಹುದಿತ್ತು. ನಾನು ಕೇಳಿದೆ ಕೂಡ, ಬೇರೆಲ್ಲವನ್ನೂ. ಸೂಜಿ ಹಾಕಿಸಿಕೊಂಡರೆ ರೋಜಾ ಮುರಿಯುತ್ತದೆಯೇ? ಚುಚ್ಚಿದ ಕಡೆ ರಕ್ತ ಹರಿದರೆ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವಜೂ ಮತ್ತೆ ಮಾಡಬೇಕೇ? ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕಾದ ನಾನು ರಂಜಾನಿನಲ್ಲಿ ಏನು ಮಾಡಲಿ? "ನೀವು ಉಪವಾಸ ಮಾಡಬೇಡಿ ಬೇಟಿ. ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಊಟ ಹಾಕಿ. ಜೀವ ಅಲ್ಲಾ ನಮ್ಮ ಕೈಲಿ ನಂಬಿ ಇಟ್ಟ ಅಮಾನತ್ತು, ಕಾಪಾಡಿ," ಎಂದರು. ಪ್ರತಿ ಪ್ರಶ್ನೆಗೂ ಹೀಗೇ ಮೆತ್ತಗಿನ ಉತ್ತರ. ಆ ಒಂದು ಪ್ರಶ್ನೆ ಕೇಳದೆ ಇರುವುದಕ್ಕಾಗಿ ನಾನು ಇಪ್ಪತ್ತು ಪ್ರಶ್ನೆ ಕೇಳಿದೆ. ಬೇಡ ಎಂದುಬಿಟ್ಟರೆ? ನನಗೆ ಆ ಸೀಸೆ ಬಿಟ್ಟರೆ ವಾರ ಉಳಿಯುವ ಖಾತರಿ ಇರಲಿಲ್ಲ. ಬದುಕಬೇಕೆಂಬ ಆಸೆ ಇಷ್ಟು ಗಟ್ಟಿಯಾಗಿದೆ ಎಂದೇ ನನಗೆ ನಾಚಿಕೆಯಾಗುತ್ತಿತ್ತು.

ಹೀಗೆ ನಾಲ್ಕು ವರ್ಷ ಹೋಯಿತು. ನನ್ನ ಪಾಪ ನನಗೆ ಮಾತ್ರ ಸೇರಿದ್ದು ಎಂದು ಹೇಗೋ ಹೊತ್ತುಕೊಂಡಿದ್ದೆ.

ಆಮೇಲೆ ಅತ್ತೆಯ ಕಾಲಿಗೆ ದಬ್ಬಳ ಚುಚ್ಚಿತು. ಗಾದಿ ಹೊಲಿಯುವ ಉದ್ದನೆಯ ಸೂಜಿ. ಹತ್ತಿಯ ರಾಶಿಯೊಳಗೆ ಬಿದ್ದಿತ್ತು. ಪಿಂಜಾರರ ಮನೆಯಲ್ಲಿ ಅದು ದೊಡ್ಡ ವಿಷಯವಲ್ಲ, ಅರಿಶಿನ ಒತ್ತಿ ಮರೆಯುತ್ತಾರೆ. ಆದರೆ ಗಾಯ ಮಾಗಲಿಲ್ಲ. ಮೂರು ವಾರಕ್ಕೆ ಹೆಬ್ಬೆರಳು ಕಪ್ಪಾಯಿತು. ದಾವಣಗೆರೆಯ ಡಾಕ್ಟರು ಮೂತ್ರ ನೋಡಿದರು. ಅತ್ತೆಗೂ ನನ್ನದೇ ಕಾಯಿಲೆ. "ಇಂಜೆಕ್ಷನ್ ಶುರು ಮಾಡದಿದ್ದರೆ ಪಾದ ತೆಗೀಬೇಕಾಗುತ್ತೆ. ಅದೂ ಜೀವ ಉಳಿದರೆ," ಎಂದರು.

ವಾರ್ಡಿನ ಮಂಚದ ಮೇಲೆ ಅತ್ತೆ ಎದ್ದು ಕೂತರು. ನರ್ಸು ಸೀಸೆ ತಂದಿಟ್ಟು ಹೋದಳು. ಅತ್ತೆ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಮಾಬುನ್ನಿ, ನೀ ಇಂಗ್ಲಿಷ್ ಓದಿದಾಕಿ. ಇದರ ಮ್ಯಾಲೆ ಏನು ಬರದಾರೆ ಎಲ್ಲಾ ಓದು. ಬ್ಯಾಡದ್ದು ಏನರ ಐತೇನು ನೋಡು."

"ನಾನೂ ಇದನ್ನೇ ಅಲ್ವಾ ಅತ್ತೆ ಹಾಕಿಕೊಳ್ಳೋದು."

"ನಿಂದು ನಂಗೊತ್ತಿಲ್ಲೇನು? ನೀ ನೋಡಿಯೇ ಹಾಕ್ಕಂಡಿರ್ತಿ. ಆದ್ರೂ ಒಂದ್ಸಲ ಓದು. ಸಾಯೋ ವಯಸ್ಸಿನಾಗೆ ಮೈಯೊಳಗೆ ಹೊಲಸು ತಗಂಡು ಅಲ್ಲಾನ ಮುಂದೆ ಹೆಂಗೆ ನಿಲ್ಲಲಿ? ಕಾಲು ಹೋದ್ರೂ ಹೋಗ್ಲಿ."

ನಾನು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಆ ಸಾಲು ಅಲ್ಲೇ ಇತ್ತು. ಅತ್ತೆ ನನ್ನ ತುಟಿಯನ್ನೇ ನೋಡುತ್ತಿದ್ದರು.

"ಏನೂ ಇಲ್ಲ ಅತ್ತೆ. ಬರೀ ಔಷಧಿ ಹೆಸರು."

ಆಣೆ ಮಾಡು ಎನ್ನಬಹುದೆಂದು ಕಾದೆ. ಅವರು ತೋಳು ಚಾಚಿ, "ಹಂಗಾದ್ರೆ ಹಾಕು. ನೀ ಹೇಳಿದ ಮ್ಯಾಲೆ ಮುಗೀತು," ಎಂದರು.

ಗಾಯ ಎರಡು ತಿಂಗಳಲ್ಲಿ ಮಾಗಿತು. ಹೆಬ್ಬೆರಳಿನ ತುದಿ ಒಂದಿಷ್ಟು ಹೋಯಿತು, ಪಾದ ಉಳಿಯಿತು. ಅತ್ತೆ ಮತ್ತೆ ನಿಂತು ನಮಾಜು ಮಾಡಿದ ದಿನ ಕೇರಿಗೆಲ್ಲ ಬೆಲ್ಲ ಹಾಕಿದ ಚೋಂಗೆ ರೊಟ್ಟಿ ಹಂಚಿದರು. "ನನ್ನ ಕಾಲು ಉಳಿಸಿದ್ದು ಡಾಕ್ಟರಲ್ಲ, ನನ್ನ ಸೊಸೆಯ ಇಂಗ್ಲಿಷು," ಎಂದು ಬಂದವರಿಗೆಲ್ಲ ಹೇಳಿದರು. ದಿನಕ್ಕೆ ಎರಡು ಸಲ ನಾನು ಸೂಜಿ ಹಿಡಿದು ಕೂತಾಗ ಅವರು ಗಟ್ಟಿಯಾಗಿ ಬಿಸ್ಮಿಲ್ಲಾ ಹೇಳಿ ತೋಳು ಕೊಡುತ್ತಿದ್ದರು. ನಾನು ಅವರ ಮುಖ ನೋಡದೆ ಚುಚ್ಚುತ್ತಿದ್ದೆ. "ಇನ್ನೂ ಹೆದರ್ತಿ ನೋಡು, ನನಗೇ ನೋವಿಲ್ಲ," ಎಂದು ನಗುತ್ತಿದ್ದರು.

ಅವರ ಜೀವ ಉಳಿಸಲು ಸುಳ್ಳು ಹೇಳಿದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧವನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು. ಅಂದು ನಿಜ ಓದಿದ್ದರೆ, ನಾಲ್ಕು ವರ್ಷದಿಂದ ನಾನು ಅದನ್ನೇ ಮೈಗೆ ಚುಚ್ಚಿಕೊಂಡು, ಅದೇ ಕೈಯಲ್ಲಿ ಅವರಿಗೆ ರೊಟ್ಟಿ ಬಡಿದು ಹಾಕಿದ್ದೇನೆ ಎಂದು ಅವರಿಗೆ ತಿಳಿಯುತ್ತಿತ್ತು. ನಾನು ಮುಚ್ಚಿದ್ದು ನನ್ನನ್ನೂ.

ರಂಜಾನಿಗೆ ಎರಡು ವಾರ ಮುಂಚೆ ಶಬೇ ಬರಾತ್ ಬರುತ್ತದೆ. ಅಂದು ನಮ್ಮಲ್ಲಿ ಮನೆಮಂದಿ, ನೆರೆಯವರು ಒಬ್ಬರನ್ನೊಬ್ಬರು, "ಅಂದಿದ್ದು ಆಡಿದ್ದು ಮಾಫ್ ಮಾಡ್ರಿ," ಎಂದು ಕ್ಷಮೆ ಕೇಳುವ ರೂಢಿ. ಕೇಳುವವರೂ ಯೋಚಿಸುವುದಿಲ್ಲ, ಕೊಡುವವರೂ ಯೋಚಿಸುವುದಿಲ್ಲ. ಹಬ್ಬದ ಶುಭಾಶಯದ ಹಾಗೆ ಬಾಯಿಂದ ಬಾಯಿಗೆ ಹೋಗುತ್ತದೆ. ಆ ವರ್ಷ ನಾನು ಅತ್ತೆಯ ಎರಡೂ ಪಾದ ಹಿಡಿದು ಕೇಳಿದೆ. "ಮಾಫ್, ಮಾಫ್. ನೀ ಏನಂದೀಯವ್ವ ನನಗೆ? ದಿನಾ ಅನ್ನಾಕಿ ನಾನು!" ಎಂದರು. ನಾನು ಮತ್ತೆ ಕೇಳಿದೆ. ಮೂರು ಸಲ ಹೇಳಿಸಿಕೊಂಡೆ. ಎದ್ದು ಹೋಗುವಾಗ ಹಗುರವಾದಂತೆ ಅನಿಸಿತು, ಅಡುಗೆಮನೆ ತಲುಪುವವರೆಗೆ. ಏನು ಕೊಡುತ್ತಿದ್ದೇನೆಂದು ಗೊತ್ತಿಲ್ಲದ ಹೆಂಗಸಿನಿಂದ ಕ್ಷಮೆ ಲಪಟಾಯಿಸಿದ್ದೆ. ಮರುವರ್ಷವೂ ಹಾಗೇ ಮಾಡಿದೆ.

ಮೂರನೆಯ ವರ್ಷ, ಅಂದರೆ ಎಂಬತ್ತರ ದಶಕ ಶುರುವಾದಾಗ, ನ್ಯಾಮತಿಯಿಂದ ಫಕೀರಮ್ಮ ಬಂದಳು. ಅತ್ತೆಯ ಅಕ್ಕನ ಮಗಳು, ವಿಧವೆ, ಅವಳದೂ ಗಾದಿಯ ಕೆಲಸ. ಅವಳಿಗೂ ಡಾಕ್ಟರು ಸೂಜಿ ಬರೆದಿದ್ದರು. ಹಾಕಿಸಿಕೊಳ್ಳಲು ಅವಳಿಗೆ ಅನುಮಾನ.

"ಚಿಗವ್ವ, ಅದರಾಗೆ ಏನೇನೋ ಹಾಕಿರ್ತಾರಂತೆ. ನಮ್ಮ ಕೇರಿಯಾಗೆ ಅಂತಾರೆ."

"ಯಾರು ಅನ್ನೋರು? ಅವರಿಗೆ ಓದಾಕೆ ಬರ್ತೈತೇನು?" ಎಂದು ಅತ್ತೆ ಎದೆ ತಟ್ಟಿಕೊಂಡರು. "ನನ್ನ ಸೊಸೆ ಕಣ್ಣಾರೆ ಓದ್ಯಾಳೆ. ಏನೂ ಇಲ್ಲ. ನನ್ನ ಮಾತಿನ ಮ್ಯಾಲೆ ಹಾಕ್ಕ. ಪಾಪ ಇದ್ರೆ ನನ್ನ ತಲೀ ಮ್ಯಾಲೆ."

ನಾನು ಚಹಾ ತಂದಿದ್ದೆ. ಇಬ್ಬರ ಮುಂದೆಯೂ ಲೋಟ ಇಟ್ಟು ಗೋಡೆಗೆ ಸರಿದು ನಿಂತೆ. ನನ್ನ ಸುಳ್ಳು ಈಗ ಅತ್ತೆಯ ಬಾಯಲ್ಲಿತ್ತು. ಅದರ ಪಾಪವನ್ನು ಅವರು ತಮ್ಮ ತಲೆಗೆ ಕರೆದುಕೊಂಡಿದ್ದರು.

ಅದೇ ವಾರ ಹಜರತ್ ಫಾತಿಹಾಕ್ಕೆ ಬಂದರು. ಅತ್ತೆ ಸಂತೆಗೆ ಹೋಗಿದ್ದರು. ಪರದೆಯ ಹಿಂದೆ ನಿಂತು ಎಲ್ಲ ಹೇಳಿದೆ. ಹಜರತ್ ಕೇಳಿದರು:

"ಬೇರೆ ಔಷಧಿ ಇಲ್ಲೇನು?"

"ಡಾಕ್ಟರನ್ನ ಕೇಳಿದೀನಿ. ನಮ್ಮ ಕಡೆ ಸಿಗೋದು ಇದೇ ಅಂತೆ."

"ಹಂಗಾದ್ರೆ ತಗೊಳ್ಳಿ. ಆಸೆ ಪಟ್ಟು ತಿನ್ನೋದು ಬೇರೆ, ಜೀವ ಹೋಗುವಾಗ ಬೇರೆ ದಾರಿ ಇಲ್ಲದೆ ತಗೊಳ್ಳೋದು ಬೇರೆ. ಇದರಲ್ಲಿ ಪಾಪ, ಗುನಾಹ್ ಏನೂ ಇಲ್ಲ ಬೇಟಿ. ಇದನ್ನ ಕೇಳಾಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?"

ಏಳು ವರ್ಷದ ಭಯಕ್ಕೆ ಬಂದ ಉತ್ತರ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿದಿತ್ತು. ನಾನು ಅತ್ತುಬಿಟ್ಟೆ. "ಮತ್ತೆ ನಾನು ಹೇಳಿದ ಸುಳ್ಳು?" ಎಂದೆ.

"ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅಲ್ಲಾನಿಗೆ ಮಾಡಿದ ತಪ್ಪು ಅಲ್ಲಾ ಕ್ಷಮಿಸ್ತಾನೆ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಕ್ಷಮಿಸಬೇಕು. ಹೋಗಿ ಅವರಿಗೇ ಹೇಳಿ."

ಮಾರನೆಯ ಬೆಳಿಗ್ಗೆ ಅತ್ತೆಯ ಕಾಲು ತೊಳೆದು ಒರೆಸುತ್ತ ಹೇಳಿದೆ. ನಮ್ಮ ಮನೆಯಲ್ಲಿ ಎತ್ತಬಾರದ ಹೆಸರು, ಹೇಗೆ ಎತ್ತಲಿ? "ಅತ್ತೆ, ಈ ಔಷಧಿ ಆ ಪ್ರಾಣಿಯಿಂದ ಮಾಡಿದ್ದು. ಹೆಸರು ಹೇಳಬಾರದ್ದು. ಅವತ್ತೇ ಓದಿದ್ದೆ. ನಿಮಗೆ ಹೇಳಲಿಲ್ಲ."

ಅವರು ಕಾಲು ಎಳೆದುಕೊಳ್ಳಲಿಲ್ಲ. "ಸೀಸೆ ತಾ," ಎಂದರು. ತಂದೆ. "ಎಲ್ಲೈತೆ ಆ ಅಕ್ಷರ? ತೋರ್ಸು." ನನ್ನ ಬೆರಳನ್ನು ಹಿಡಿದು ಆ ಸಾಲಿನ ಮೇಲೆ ಇಡಿಸಿದರು. ಆಮೇಲೆ ತಮ್ಮ ಬೆರಳಿಟ್ಟರು. ಬೆರಳ ತುದಿಯಲ್ಲಿ ಅದು ಪೂರ್ತಿ ಮುಚ್ಚಿಹೋಯಿತು.

"ಇಷ್ಟೇನಾ?" ಎಂದರು. ಎದ್ದು ಒಳಗೆ ಹೋದರು.

ಅಂದು ಸೂಜಿ ಹಾಕಿಸಿಕೊಳ್ಳಲಿಲ್ಲ. ಮರುದಿನವೂ ಇಲ್ಲ. ನನ್ನ ಕೈಯ ಊಟ ಮಾಡಿದರು, ಮಾತಾಡಲಿಲ್ಲ. ಸ್ಪಿರಿಟ್ ದೀಪ ಹಚ್ಚಿ ನೋಡಿದೆ; ಇಟ್ಟಿಗೆ ಕೆಂಪು. ನನ್ನ ಗಂಡ ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತು ಕೂತರು. "ಸುಳ್ಳು ಹೇಳಿದ್ದೂ ನೀನೇ, ಈಗ ನಿಜ ಹೇಳಿ ಕೊಲ್ಲೋದೂ ನೀನೇ," ಎಂದರು. ಬೈದದ್ದು ಅದೊಂದೇ ಸಲ. ಅದೇ ಮಾತು ನನ್ನೊಳಗೂ ನಡೆದಿತ್ತು.

ಮೂರನೆಯ ದಿನ ಅತ್ತೆ ಕೋಲು ಹಿಡಿದು ಒಬ್ಬರೇ ಹಜರತ್ ಮನೆಗೆ ನಡೆದುಹೋದರು. ಬಂದವರೇ ಜಗಲಿಯ ಮೇಲೆ ಕೂತು ಕುಪ್ಪಸದ ತೋಳು ಮೇಲೆತ್ತಿದರು.

"ಹಾಕು."

"ಹಜರತ್ ಏನಂದ್ರು ಅತ್ತೆ?"

"ಏನಂದ್ರೂ ನಾ ಕೇಳಿದ್ದಕ್ಕೆ ಅಂದ್ರು. ಮೂರು ವರ್ಷದ ಹಿಂದೆ ನೀ ಹೇಳಿದ್ರೆ ಅವತ್ತೇ ಹೋಗಿ ಕೇಳ್ತಿದ್ದೆ. ನಾ ಸಾಯಾಕೇ ಹೊರಡ್ತೀನಿ ಅಂತ ನಿನಗ್ಯಾರು ಹೇಳಿದ್ರು? ಕೇಳಾಕೆ ನನಗೆ ಬಾಯಿ ಇರಲಿಲ್ಲೇನು? ಓದಾಕೆ ಬರಾಕಿಲ್ಲ ಅಂದ್ರೆ ಬುದ್ಧೀನೂ ಇಲ್ಲ ಅಂದ್ಕಂಡಿಯಾ?"

ಅವರು ಹೇಳಿದ್ದು ನಿಜವಾಗಿತ್ತು. ಇಂಗ್ಲಿಷ್ ಓದಿದ ನಾನು, ಓದದ ಅವರ ಪರವಾಗಿ ಅವರ ಉತ್ತರವನ್ನೂ ನಾನೇ ಬರೆದುಬಿಟ್ಟಿದ್ದೆ.

"ಮಾಫ್ ಮಾಡ್ರಿ ಅತ್ತೆ."

"ಔಷಧಿಗೆ ಅಲ್ಲಾನ ಮಾಫ್ ಐತಂತೆ. ನಿನ್ನ ಸುಳ್ಳಿಗೆ ನನ್ನದು ಇನ್ನೂ ಬಂದಿಲ್ಲ. ಬಂದಾಗ ಹೇಳ್ತೀನಿ. ಈಗ ಸೂಜಿ ಹಾಕು, ಆಮ್ಯಾಲೆ ಸೀರೆ ಉಡು. ನ್ಯಾಮತಿಗೆ ಹೋಗಬೇಕು."

ನ್ಯಾಮತಿಯವರೆಗೂ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಫಕೀರಮ್ಮ ಅಂಗಳದಲ್ಲಿ ಗಾದಿಯ ಬಟ್ಟೆ ಹರಡಿಕೊಂಡಿದ್ದಳು. ಅತ್ತೆ ನೀರು ಕೂಡ ಕುಡಿಯದೆ, "ಸೀಸೆ ತಾರೆ ಫಕೀರೀ. ಮಾಬುನ್ನಿ, ಓದು. ಒಂದಕ್ಷರ ಬಿಡಬ್ಯಾಡ. ಕನ್ನಡದಾಗೂ ಹೇಳು," ಎಂದರು.

ನಾನು ಓದಿದೆ. ಔಷಧಿಯ ಹೆಸರು, ಯುನಿಟ್ಟು, ತಂಪಾಗಿಡಬೇಕೆಂಬ ಸೂಚನೆ. ಆಮೇಲೆ ಆ ಸಾಲು. ದನ ಮತ್ತು ಹಂದಿ ಎಂದು ಬಾಯಿಬಿಟ್ಟು ಹೇಳಿದೆ. ಅತ್ತೆ ಕಣ್ಣು ಮುಚ್ಚಿಕೊಂಡರು, ತಡೆಯಲಿಲ್ಲ. ಫಕೀರಮ್ಮನ ಕೈಯಿಂದ ಬಟ್ಟೆ ಜಾರಿತು.

"ಯವ್ವಾ! ಮತ್ತೆ ಅವತ್ತು ಏನೂ ಇಲ್ಲ ಅಂದ್ಯಲ್ಲ ಚಿಗವ್ವ?"

"ನನಗೆ ಗೊತ್ತಿರಲಿಲ್ಲ, ಅಂದೆ. ಈಗ ಗೊತ್ತಾಗೈತೆ, ಹೇಳಾಕೆ ಬಂದೆ. ನಿಮ್ಮೂರ ಹಜರತ್‌ನ ನೀನೇ ಹೋಗಿ ಕೇಳು. ನನ್ನ ಮಾತು ಕೇಳಬ್ಯಾಡ, ಇವಳ ಮಾತೂ ಕೇಳಬ್ಯಾಡ."

ಫಕೀರಮ್ಮ ನನ್ನ ಕಡೆ ತಿರುಗಿದಳು. "ನೀನೂ ಇದನ್ನೇ ಹಾಕ್ಕಂತೀಯೇನವ್ವ?"

"ಹ್ಞೂಂ. ಎಂಟು ವರ್ಷದಿಂದ. ಏಳು ವರ್ಷದಿಂದ ಗೊತ್ತಿದ್ದೂ," ಎಂದೆ. ನಮ್ಮ ಮನೆಯ ಹೊರಗೆ, ಪರದೆಯಿಲ್ಲದೆ ಎದುರಿಗೆ ಅದನ್ನು ಹೇಳಿದ್ದು ಮೊದಲ ಸಲ. ನೆಲ ಬಾಯಿಬಿಡಲಿಲ್ಲ. ಫಕೀರಮ್ಮ ಕೇಳಿಕೊಂಡು ಬಂದಳು, ಸೂಜಿ ಬಿಡಲಿಲ್ಲ, ಇವತ್ತಿಗೂ ಇದ್ದಾಳೆ.

ಅತ್ತೆ ಅದಾದ ಮೇಲೆ ನಾಲ್ಕು ವರ್ಷ ಬದುಕಿದರು. ಮಾತು, ಬೈಗುಳ, ತಮಾಷೆ ಎಲ್ಲ ಮೊದಲಿನಂತೆಯೇ ವಾಪಸು ಬಂದವು. ದಿನಕ್ಕೆರಡು ಸಲ ಬಿಸ್ಮಿಲ್ಲಾ ಹೇಳಿ ತೋಳು ಕೊಟ್ಟರು. ಶಬೇ ಬರಾತಿನಂದು ಮನೆಯಲ್ಲಿ ಎಲ್ಲರೂ ಮಾಫಿ ಕೇಳುವಾಗ ನಾನು ಏನಾದರೂ ಕೆಲಸ ಮಾಡಿಕೊಂಡು ಹಿತ್ತಲಲ್ಲಿ ಇದ್ದುಬಿಡುತ್ತಿದ್ದೆ. ಬಂದಾಗ ಹೇಳುತ್ತೇನೆ ಎಂದಿದ್ದಾರಲ್ಲ, ಕೇಳಿ ಒತ್ತಾಯ ಮಾಡಬಾರದು ಎನ್ನುವುದು ನಾನು ನನಗೆ ಕೊಟ್ಟುಕೊಂಡ ಕಾರಣ. ಒಂದು ಮಧ್ಯಾಹ್ನ ಜಗಲಿಯ ಮೇಲೆ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು ಎಂದರು. ನಾನು ಆಗ ಔಷಧಿ ತರಲು ದಾವಣಗೆರೆಗೆ ಹೋಗಿದ್ದೆ.

ಈಗ ಬರುವ ಸೀಸೆಯಲ್ಲಿ ಯಾವ ಪ್ರಾಣಿಯದೂ ಇಲ್ಲ. ನಾನು ಮಾತ್ರ ಇಂದಿಗೂ ಎಲ್ಲ ಸಾಲುಗಳನ್ನೂ ಗಟ್ಟಿಯಾಗಿ ಓದಿಯೇ ಸೂಜಿ ಹಿಡಿಯುತ್ತೇನೆ. ನಿಮಗೂ ಈ ಕಾಯಿಲೆ ಬಂದು, ನಿಮ್ಮ ಔಷಧಿಯ ಬಗ್ಗೆ, ನಿಮ್ಮ ಉಪವಾಸದ ಬಗ್ಗೆ, ದೇವರ ಬಗ್ಗೆ ಏನೋ ಒಂದು ಪ್ರಶ್ನೆಯನ್ನು ಹೆದರಿ ನುಂಗಿಕೊಂಡು ಕೂತಿದ್ದರೆ, ಇವತ್ತೇ ಎದ್ದು ಹೋಗಿ ಕೇಳಿ. ನನಗೆ ಏಳು ವರ್ಷ ಹಿಡಿಯಿತು, ಉತ್ತರ ಮೆತ್ತಗೇ ಇತ್ತು. ಅಷ್ಟಾದರೂ ನಾನು ಕಲಿಯಲಿಲ್ಲ. "ನಿಮ್ಮ ಮಾಫಿ ಬಂತೇ ಅತ್ತೆ?" ಎಂದು ಆ ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಬಂದಿತ್ತೇನೋ. ನಾನು ಹಿತ್ತಲಿನಿಂದ ಒಳಗೆ ಬರಲಿ ಎಂದು ಅವರು ಕಾದಿದ್ದರೇನೋ.